ಸ್ವಂತ ಮನೆ ಇದೆ, ಕೈಯಲ್ಲಿ ಕಾಸಿಲ್ಲ: ಕ್ಯಾಲಿಫೋರ್ನಿಯಾದ ಹಿರಿಯರಿಗೆ ಪ್ರಾಪರ್ಟಿ ಟ್ಯಾಕ್ಸ್ ಮುಂದೂಡಿಕೆ

[ದೃಶ್ಯ: ಮೇಜಿನ ಮೇಲೆ ಕೌಂಟಿಯಿಂದ ಬಂದ ಬಿಲ್]

ನಮಸ್ಕಾರ. ಅಕ್ಟೋಬರ್ ಬಂತು ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಬರುವ ಹೊತ್ತು. ಮೊದಲ ಕಂತು ಡಿಸೆಂಬರ್ 10ರೊಳಗೆ, ಎರಡನೆಯದು ಏಪ್ರಿಲ್ 10ರೊಳಗೆ. ತಡವಾದರೆ ಶೇ. 10 ದಂಡ. ಸಂಬಳ ಬರುವವರು ಹೇಗೋ ಕಟ್ಟುತ್ತಾರೆ. ಸೋಶಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರದ ಪಿಂಚಣಿಯೊಂದನ್ನೇ ನಂಬಿಕೊಂಡ ಹಿರಿಯರು ಏನು ಮಾಡಬೇಕು? ಫ್ರೀಮಾಂಟ್, ಸನ್ನಿವೇಲ್ ಕಡೆ ಇರುವ ನಮ್ಮ ಕನ್ನಡದ ಹಿರಿಯರಿಗೂ ಅವರ ಮಕ್ಕಳಿಗೂ ಈ ವಿಡಿಯೋ.

ಮೊದಲು ಒಂದು ವಿಷಯ. 1978ರಲ್ಲಿ ಜನ ವೋಟು ಹಾಕಿ ತಂದ ಪ್ರೊಪೊಸಿಷನ್ 13 ಪ್ರಕಾರ, ಮೂಲ ತೆರಿಗೆ ಮನೆಯ ಲೆಕ್ಕದ ಬೆಲೆಯ ಶೇ. 1 ಮಾತ್ರ. ಲೆಕ್ಕದ ಬೆಲೆ ಅಂದರೆ ತೆರಿಗೆಗಾಗಿ ಕೌಂಟಿ ಹಿಡಿಯುವ ಬೆಲೆ, ಶುರುವಾಗುವುದು ಮನೆ ಕೊಂಡ ಬೆಲೆಯಿಂದ. ಆ ಬೆಲೆಯೂ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಹಾಗಾಗಿ 1985ರಲ್ಲಿ ಒಂದೂವರೆ ಲಕ್ಷ ಡಾಲರ್‌ಗೆ ಮನೆ ಕೊಂಡವರ ಮೂಲ ತೆರಿಗೆ ಇವತ್ತು ಸುಮಾರು 3,300 ಡಾಲರ್. ಮೊಮ್ಮಕ್ಕಳ ಹತ್ತಿರ ಇರೋಣ ಅಂತ ಈಚೆಗೆ 12 ಲಕ್ಷ ಡಾಲರ್‌ನ ಮನೆ ಕೊಂಡವರಿಗೆ ಅದೇ ಬೀದಿಯಲ್ಲಿ 12,000. ಪೆಟ್ಟು ಬೀಳುವುದು ಇವರಿಗೇ.

[ಪರದೆ ಮೇಲೆ: ವಯಸ್ಸು 62+ | ಅಕ್ಟೋಬರ್ 1 – ಫೆಬ್ರವರಿ 10]

ಇಂಥವರಿಗಾಗಿ ರಾಜ್ಯದ ಕಂಟ್ರೋಲರ್ ಕಚೇರಿ 'ಪ್ರಾಪರ್ಟಿ ಟ್ಯಾಕ್ಸ್ ಪೋಸ್ಟ್‌ಪೋನ್‌ಮೆಂಟ್' ಅನ್ನುವ ಯೋಜನೆ ನಡೆಸುತ್ತದೆ. ನಿಮ್ಮ ಬದಲು ರಾಜ್ಯವೇ ಕೌಂಟಿಗೆ ತೆರಿಗೆ ಕಟ್ಟುತ್ತದೆ. 62 ದಾಟಿರಬೇಕು. ಅಂಧರು ಮತ್ತು ಅಂಗವಿಕಲರಿಗೆ ಈ ವಯಸ್ಸಿನ ಮಿತಿ ಇಲ್ಲ. ಮನೆ ನಿಮ್ಮದೇ ಆಗಿರಬೇಕು, ನೀವು ಅಲ್ಲೇ ವಾಸವಿರಬೇಕು. ಸಾಲ ಕಳೆದು ಮನೆಯಲ್ಲಿ ನಿಮ್ಮ ಪಾಲು ಶೇ. 40 ಆದರೂ ಉಳಿದಿರಬೇಕು. ರಿವರ್ಸ್ ಮಾರ್ಟ್‌ಗೇಜ್ (ಮನೆ ಅಡವಿಟ್ಟು ಹಿರಿಯರು ಪಡೆಯುವ, ಮನೆ ಬಿಡುವವರೆಗೆ ಕಂತು ಕಟ್ಟಬೇಕಿಲ್ಲದ ಸಾಲ) ತೆಗೆದುಕೊಂಡಿದ್ದರೆ ಸಿಗುವುದಿಲ್ಲ.

ಆದಾಯದ ಮಿತಿ 2024-25ರಲ್ಲಿ 53,574 ಡಾಲರ್ ಇತ್ತು. ಪ್ರತಿ ವರ್ಷ ಬದಲಾಗುತ್ತದೆ, ಅರ್ಜಿ ಹಾಕುವ ಮುಂಚೆ ಆ ವರ್ಷದ ಅಂಕಿ ನೋಡಿಕೊಳ್ಳಿ. ನಮ್ಮವರು ಎಡವುವುದು ಇಲ್ಲೇ. ಇದು ಅಪ್ಪ-ಅಮ್ಮನ ಆದಾಯ ಮಾತ್ರ ಅಲ್ಲ, ಇಡೀ ಮನೆಯ ಆದಾಯ. ಕೆಲಸದಲ್ಲಿರುವ ಮಗ-ಸೊಸೆ ಜೊತೆಗೇ ಇದ್ದರೆ ಅವರ ಸಂಬಳವೂ ಸೇರುತ್ತದೆ, ಮಿತಿ ದಾಟಿಹೋಗುತ್ತದೆ. ನಿಜವಾಗಿ ನೆರವಾಗುವುದು ಒಂಟಿಯಾಗಿರುವ ಅಜ್ಜ-ಅಜ್ಜಿಯರಿಗೆ. ಅವರಲ್ಲೇ ಎಷ್ಟೋ ಜನಕ್ಕೆ ಇದರ ಸುದ್ದಿಯೇ ಮುಟ್ಟಿಲ್ಲ ಅನ್ನುವುದು ನನ್ನ ಸಂಕಟ.

[ಪರದೆ ಮೇಲೆ: ಲೆಕ್ಕ]

ಇದು ಮನ್ನಾ ಅಲ್ಲ, ಸಾಲ. ವರ್ಷಕ್ಕೆ ಶೇ. 5 ಸರಳ ಬಡ್ಡಿ. ಬಡ್ಡಿಗೆ ಬಡ್ಡಿ ಇಲ್ಲ. ವರ್ಷಕ್ಕೆ 8,000 ಡಾಲರ್‌ನಂತೆ ಹತ್ತು ವರ್ಷ ಮುಂದೂಡಿದಿರಿ ಅಂದುಕೊಳ್ಳಿ. ಅಸಲು 80,000. ಮೊದಲ ವರ್ಷದ ಹಣಕ್ಕೆ ಹತ್ತು ವರ್ಷದ ಬಡ್ಡಿ, ಎರಡನೆಯದಕ್ಕೆ ಒಂಬತ್ತು ವರ್ಷದ್ದು, ಹೀಗೆ ಕೂಡಿಸಿದರೆ ಬಡ್ಡಿ 22,000. ಒಟ್ಟು 1,02,000 ಡಾಲರ್. ತೀರಿಸುವವರೆಗೂ ಇದು ಮನೆಯ ಮೇಲೆ ಋಣವಾಗಿ ದಾಖಲಾಗಿರುತ್ತದೆ. ಮನೆ ಮಾರಿದಾಗ, ಬೇರೆ ಕಡೆ ಹೋದಾಗ, ರೀಫೈನಾನ್ಸ್ ಮಾಡಿದಾಗ (ಹಳೇ ಮನೆ ಸಾಲದ ಬದಲು ಹೊಸ ಸಾಲ ತೆಗೆದುಕೊಂಡಾಗ) ತೀರಿಸಬೇಕು. ಯಜಮಾನರು ತೀರಿಕೊಂಡರೂ ಹೆಂಡತಿ ಆ ಮನೆಯಲ್ಲೇ ಇದ್ದರೆ ತಕ್ಷಣ ಕಟ್ಟಬೇಕಾಗಿಲ್ಲ. ಕೊನೆಗೆ ಲೆಕ್ಕ ಬರುವುದು ಮಕ್ಕಳ ಮುಂದೆ. ಅದಕ್ಕೇ ಅರ್ಜಿ ಹಾಕುವ ಮುಂಚೆ ಅವರನ್ನು ಕೂರಿಸಿಕೊಂಡು ಮಾತಾಡಿ. ಮಕ್ಕಳೇ, ನೀವೂ ಅಷ್ಟೇ: ಆಸ್ತಿ ಕಡಿಮೆಯಾಗುತ್ತೆ ಅಂತ ಅಮ್ಮನನ್ನು ತಡೆಯಬೇಡಿ. ಔಷಧಿಗೆ ಇಟ್ಟ ದುಡ್ಡಲ್ಲಿ ಅವರು ತೆರಿಗೆ ಕಟ್ಟುವುದು ಸರಿಯಲ್ಲ, ಅಲ್ವಾ?

ಅರ್ಜಿ ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಹಳೇ ಬಾಕಿಗೆ ಇದು ಸಿಗುವುದಿಲ್ಲ, ಆ ವರ್ಷದ ತೆರಿಗೆಗೆ ಮಾತ್ರ. ಹಣ ಮಿತವಾಗಿದೆ, ಮೊದಲು ಬಂದ ಅರ್ಜಿಗೆ ಮೊದಲ ಸರದಿ. ಫೆಬ್ರವರಿವರೆಗೆ ಸುಮ್ನೆ ಕಾಯಬೇಡಿ. 2009ರಲ್ಲಿ ರಾಜ್ಯದ ಬೊಕ್ಕಸ ಬರಿದಾದಾಗ ಯೋಜನೆಯನ್ನೇ ನಿಲ್ಲಿಸಿದ್ದರು, ಮತ್ತೆ ಅರ್ಜಿ ತೆಗೆದುಕೊಂಡಿದ್ದು 2016ರಲ್ಲಿ.

ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಹೋಗುವ ಯೋಚನೆ ಇದೆಯಾ? ಪ್ರೊಪೊಸಿಷನ್ 19 ಪ್ರಕಾರ 55 ದಾಟಿದವರು ಹಳೇ ಮನೆಯ ತೆರಿಗೆ ಬೆಲೆಯನ್ನೇ ಹೊಸ ಮನೆಗೆ ಒಯ್ಯಬಹುದು. ರಾಜ್ಯದ ಯಾವ ಕೌಂಟಿಗಾದರೂ ಸರಿ, ಮೂರು ಸಲದವರೆಗೆ. ಹಳೇ ಮನೆ ಮಾರುವುದಕ್ಕೂ ಹೊಸದು ಕೊಳ್ಳುವುದಕ್ಕೂ ಎರಡು ವರ್ಷಕ್ಕಿಂತ ಹೆಚ್ಚು ಅಂತರ ಇರಬಾರದು, ಹೊಸದು ಹಳೇದಕ್ಕಿಂತ ದುಬಾರಿಯಾದರೆ ವ್ಯತ್ಯಾಸ ಆ ತೆರಿಗೆ ಬೆಲೆಗೆ ಸೇರುತ್ತದೆ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಬಿಲ್‌ನ ಕೆಳಭಾಗ ನೋಡಿ. ಶಾಲೆಗಳ ಪಾರ್ಸೆಲ್ ಟ್ಯಾಕ್ಸ್ (ಮನೆಯ ಬೆಲೆ ನೋಡದೆ ಪ್ರತಿ ಆಸ್ತಿಗೆ ಹಾಕುವ ತೆರಿಗೆ) ಅಲ್ಲಿ ಬೇರೆ ಸಾಲಿನಲ್ಲಿರುತ್ತದೆ. ಎಷ್ಟೋ ಸ್ಕೂಲ್ ಡಿಸ್ಟ್ರಿಕ್ಟ್‌ಗಳು 65 ದಾಟಿದವರಿಗೆ ಅದನ್ನು ಪೂರ್ತಿ ಬಿಡುತ್ತವೆ, ಆದರೆ ಕೇಳಿದವರಿಗೆ ಮಾತ್ರ. ನಿಮ್ಮ ಡಿಸ್ಟ್ರಿಕ್ಟ್ ಕಚೇರಿಗೆ ಫೋನ್ ಮಾಡಿ, ಸೀನಿಯರ್ ಎಕ್ಸೆಂಪ್ಷನ್ ಫಾರ್ಮ್ ಇದೆಯಾ, ಕೊನೆ ದಿನ ಯಾವತ್ತು ಅಂತ ಕೇಳಿ.