ಪಾಳಿ ಯಾರದು?

ಎಲ್ಲರಿಗೂ ನಮಸ್ಕಾರ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ, ಕಥೆಯೊಳಗೆ ರಾಕ್ಷಸರ ಜೊತೆ ಕಾದಾಡೋ ಆಟದ ಬಗ್ಗೆ ಮಾತಾಡು ಅಂತ ನನ್ನನ್ನು ಕರೆದಿರಿ, ಮುಂದಿನ ಸಾಲಿನಲ್ಲಿ ಮಾತ್ರ ನಿವೃತ್ತ ಮಾಸ್ತರರನ್ನು ಕೂಡ್ರಿಸಿದ್ದೀರಿ. ಅವರ ಸಲುವಾಗಿ ರಾಕ್ಷಸರನ್ನು ಸ್ವಲ್ಪ ಹೊರಗೆ ನಿಲ್ಲಿಸಿ, ನಳದಿಂದ ಶುರು ಮಾಡುತ್ತೇನೆ.

ನಾನು ಬೆಳೆದದ್ದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ. ನಳ ಬರುವ ದಿನ ನಸುಕಿನಲ್ಲೇ ಕೊಡಗಳು ಸಾಲು ಹಚ್ಚುತ್ತಿದ್ದವು. ಮಂದಿ ಇರುತ್ತಿರಲಿಲ್ಲ, ಬರೀ ಕೊಡಗಳು. ಒಬ್ಬಾಕೆ ಮನೆಯೊಳಗೆ ರೊಟ್ಟಿ ಬಡಿಯುತ್ತಿದ್ದಳು, ಇನ್ನೊಬ್ಬಾಕೆ ಕೂಸಿಗೆ ಎರೆಯುತ್ತಿದ್ದಳು, ಮತ್ತೊಬ್ಬರು ಕಟ್ಟೆಯ ಮೇಲೆ ಜಗಳದಲ್ಲಿದ್ದರು. ಎಲ್ಲರ ಬದುಕೂ ಒಟ್ಟಿಗೇ ಸಾಗುತ್ತಿತ್ತು, ನಳ ಮಾತ್ರ ಒಬ್ಬರಾದ ಮೇಲೆ ಒಬ್ಬರಿಗೆ. ಅದಕ್ಕೆ ನಾವು ಪಾಳಿ ಅನ್ನುತ್ತಿದ್ದೆವು. ಬೆಂಗಳೂರಿನವರು ಸರದಿ ಅಂತಾರೆ, ಅನ್ನಲಿ.

ಈ ಆಟದ ನಿಯಮದ ಪುಸ್ತಕದಲ್ಲಿ 'ಟರ್ನ್' ಎಂಬ ಪದ ಕಂಡಾಗೆಲ್ಲ ನಾನು ಪಾಳಿ ಎಂದೇ ಓದಿಕೊಳ್ಳುತ್ತೇನೆ. 'ರೌಂಡ್' ಅಂದರೆ ಸುತ್ತು: ಸಾಲಿನಲ್ಲಿದ್ದ ಎಲ್ಲ ಕೊಡಗಳೂ ಒಂದೊಂದು ಸಲ ತುಂಬಿದರೆ ಒಂದು ಸುತ್ತು ಮುಗಿದಂತೆ. ಕಾದಾಟ ಶುರುವಾದಾಗ ಎಲ್ಲರೂ ಇಪ್ಪತ್ತು ಮುಖದ ದಾಳ ಉರುಳಿಸಿ, ಚುರುಕುತನದ ಅಂಕ ಕೂಡಿಸಿ, ಕೊಡ ಎಲ್ಲಿಡಬೇಕೆಂದು ಗೊತ್ತು ಮಾಡಿಕೊಳ್ಳುತ್ತಾರೆ. ಅದೇ ಇನಿಶಿಯೇಟಿವ್. ಒಂದು ಸುತ್ತಿಗೆ ಕಥೆಯೊಳಗೆ ಸುಮಾರು 6 ಸೆಕೆಂಡು. ಎಂಟು ಜನ ಕಾದಾಡಿದರೂ ಅದೇ 6 ಸೆಕೆಂಡು, ಇಬ್ಬರು ಕಾದಾಡಿದರೂ ಅದೇ. ಅಂದರೆ ಪಾಳಿ ಅನ್ನುವುದು ಗಡಿಯಾರದ ಲೆಕ್ಕವಲ್ಲ, ಮೇಜಿನ ಸುತ್ತ ಕೂತವರಲ್ಲಿ ಈಗ ಮಾತು ಯಾರದು ಎಂಬ ಲೆಕ್ಕ. ನಾನು ಇವತ್ತು ಹೇಳಲು ಬಂದದ್ದು ಇದೊಂದೇ. ನಿಯಮದ ಜಗಳಗಳಲ್ಲಿ ಮುಕ್ಕಾಲುಪಾಲು ಹುಟ್ಟುವುದು ಇದನ್ನು ಮರೆತಾಗ.

ಒಂದು ಜಗಳ ಹೇಳುತ್ತೇನೆ. ವಿದ್ಯಾನಗರದ ಒಂದು ಮಹಡಿ ಮೇಲೆ ಪ್ರತಿ ಭಾನುವಾರ ನಾವು ಐದಾರು ಜನ ಕೂಡುತ್ತೇವೆ. ನಾನು ಡಿ.ಎಂ., ಅಂದರೆ ಆಟ ನಡೆಸುವವ. ನಮ್ಮಲ್ಲಿ ಕಾನೂನು ಓದುವ ಹುಡುಗಿಯೊಬ್ಬಳಿದ್ದಾಳೆ, ಆಕೆಯ ಪಾತ್ರ ರೋಗ್, ಕಳ್ಳಿ ಅನ್ನಿ. ಇನ್ನೊಬ್ಬರು ಮೊಬೈಲ್ ರಿಪೇರಿ ಅಂಗಡಿಯವರು, ಅವರದು ಬಿಲ್ಲು ಹಿಡಿದ ಫೈಟರ್. ಇಬ್ಬರದೂ ಐದನೇ ಲೆವೆಲ್. ಕಿರಿದಾದ ಸೇತುವೆ, ಎದುರಿಗೆ ಓರ್ಕ್‌ಗಳು, ಒಂದು ಜಾತಿಯ ರಾಕ್ಷಸರು. ಕಳ್ಳಿ ತನ್ನ ಪಾಳಿಯಲ್ಲಿ ಒಂದು ಓರ್ಕ್‌ಗೆ ಚೂರಿ ಹಾಕಿದಳು. ಪಕ್ಕದಲ್ಲಿ ಗೆಳೆಯನೊಬ್ಬ ಇದ್ದದ್ದರಿಂದ ಸ್ನೀಕ್ ಅಟ್ಯಾಕ್ ಕೂಡ ಸಿಕ್ಕಿತು, ಮೂರು ದಾಳದ ಹೆಚ್ಚಿನ ಪೆಟ್ಟು. ಓರ್ಕ್ ಸಾಯಲಿಲ್ಲ. ಅದರ ಪಾಳಿ ಬಂದಾಗ ಓಡತೊಡಗಿತು. ಕೈಗೆಟಕುವ ದೂರ ದಾಟಿ ಹೋಗುವ ವೈರಿಗೆ ರಿಯಾಕ್ಷನ್, ಅಂದರೆ ಬೇರೆಯವರ ಪಾಳಿಯಲ್ಲೂ ತಟ್ಟನೆ ಮಾಡಬಹುದಾದ ಕೆಲಸ, ಬಳಸಿ ಒಂದು ಪೆಟ್ಟು ಹಾಕಬಹುದು. ಹಾಕಿದಳು, ತಾಗಿತು. ಮತ್ತೆ ಮೂರು ದಾಳ ಎತ್ತಿಕೊಂಡಳು.

"ಏ, ಆಗಂಗಿಲ್ಲ," ಅಂದೆ. "ಸ್ನೀಕ್ ಅಟ್ಯಾಕ್ ಒಮ್ಮೆ ಆತಲ್ಲ."

"ಎಲ್ಲಿ ಬರದೈತಿ ಓದ್ರಿ," ಅಂದಳು.

ಓದಿದೆ. ಪಾಳಿಗೆ ಒಮ್ಮೆ ಎಂದಿತ್ತು. ಸುತ್ತಿಗೆ ಒಮ್ಮೆ ಎಂದಿರಲಿಲ್ಲ. ಅದು ನಿನ್ನ ಪಾಳಿಯಾಗಿರಬೇಕು ಎಂದೂ ಇರಲಿಲ್ಲ. ಓರ್ಕ್ ಓಡುತ್ತಿದ್ದದ್ದು ಓರ್ಕ್‌ನ ಪಾಳಿಯಲ್ಲಿ, ಅದು ಬೇರೆಯೇ ಪಾಳಿ. ಮೂರು ದಾಳ ಬಿತ್ತು, ಓರ್ಕ್ ಕೆಳಗಿನ ಹೊಳೆಗೆ ಬಿತ್ತು. ಮುಖ ಸಣ್ಣದು ಮಾಡಿಕೊಂಡು ನಾನು ಪುಸ್ತಕ ಮುಚ್ಚಿದೆ.

ಅರ್ಧ ತಾಸಿನ ನಂತರ ಫೈಟರ್ ಸಾಹೇಬರು ಮುಚ್ಚಿದ ಬಾಗಿಲೊಂದರ ಎದುರು ನಿಂತು, "ಬಾಗಲಾ ತೆಗೆದು ಯಾವನರ ಹೊರಗ ಬಂದ್ರ ಬಾಣ ಬಿಡ್ತೀನಿ," ಅಂದರು. ಇದಕ್ಕೆ ರೆಡಿ ಆಕ್ಷನ್ ಎಂದು ಹೆಸರು. ಈ ಪಾಳಿಯ ಕೆಲಸವನ್ನು ಕಾದಿಟ್ಟುಕೊಂಡು, ಹೇಳಿದ ಸಂದರ್ಭ ಬಂದ ಮೇಲೆ ರಿಯಾಕ್ಷನ್ ಖರ್ಚು ಮಾಡಿ ಮಾಡುವುದು. ಬಾಗಿಲು ತೆರೆಯಿತು, ಒಂದು ಬಾಣ ಹೋಯಿತು. ಅವರು ಎರಡನೆಯದಕ್ಕೆ ದಾಳ ಎತ್ತಿದರು. ಐದನೇ ಲೆವೆಲ್ಲಿನ ಫೈಟರ್‌ಗೆ ಎರಡು ಪೆಟ್ಟು ಇರುವುದು ನಿಜ. ಆದರೆ ಆ ನಿಯಮದ ವಾಕ್ಯದಲ್ಲಿ 'ನಿನ್ನ ಪಾಳಿಯಲ್ಲಿ' ಅಂತ ಎರಡು ಶಬ್ದ ಇವೆ. ಬಾಗಿಲು ತೆರೆದದ್ದು ಓರ್ಕ್‌ನ ಪಾಳಿಯಲ್ಲಿ. ಹಾಗಾಗಿ ಒಂದೇ ಬಾಣ.

"ಆಕಿಗೆ ಒಂದು ನ್ಯಾಯ, ನನಗ ಒಂದು ನ್ಯಾಯ ಏನ್ರೀ?"

ಕೇಳಿದ್ದು ತಪ್ಪಲ್ಲ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತವೆ: ಇಬ್ಬರೂ ಬೇರೆಯವರ ಪಾಳಿಯಲ್ಲಿ ಹೊಡೆದರು, ಒಬ್ಬರಿಗೆ ಹೆಚ್ಚು ಸಿಕ್ಕಿತು, ಇನ್ನೊಬ್ಬರಿಗೆ ಇದ್ದದ್ದೂ ಹೋಯಿತು. ಆದರೆ ನ್ಯಾಯ ಒಂದೇ. ಒಂದು ವಾಕ್ಯದಲ್ಲಿ ಪಾಳಿ ಯಾರದು ಎಂದು ಹೇಳಿಲ್ಲ, ಇನ್ನೊಂದರಲ್ಲಿ ಹೇಳಿದೆ. ನಾನು ಅಲ್ಲಿ ಮಾಡಿದ ತಪ್ಪು ಬೇರೆ. ಮೊದಲನೇ ಸಲ ಪುಸ್ತಕ ತೆರೆಯದೆ 'ಇಲ್ಲ' ಅಂದಿದ್ದೆ, ಎರಡನೇ ಸಲ ಪುಸ್ತಕ ತೆರೆದು 'ಇಲ್ಲ' ಅಂದೆ. ಅವರಿಗೆ ಕಂಡದ್ದು ಎರಡು ಸಲ ಇಲ್ಲ ಅಂದ ಡಿ.ಎಂ., ಒಂದು ಸಲ ಮಾತ್ರ ಸೋತವನು.

'ಬೋನಸ್ ಆಕ್ಷನ್', ಅಂದರೆ ಪಾಳಿಯ ಮುಖ್ಯ ಕೆಲಸದ ಮೇಲೆ ಸಿಗಬಹುದಾದ ಇನ್ನೊಂದು ಸಣ್ಣ ಕೆಲಸ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ದೀಪಾವಳಿ ಬೋನಸ್ ಇದ್ದ ಹಾಗೆ. ಕೊಡುವ ಧಣಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮ ಪಾತ್ರದ ಯಾವುದೋ ವಿದ್ಯೆಯೋ ಮಂತ್ರವೋ ಅದನ್ನು ಕೊಟ್ಟಿರಬೇಕು. ಖಾಲಿ ಉಳಿದಿದೆ ಎಂದು ಅದರಲ್ಲಿ ಮತ್ತೊಂದು ಪೆಟ್ಟು ಹೊಡೆಯಲು ಬರುವುದಿಲ್ಲ.

ನಳದ ಹತ್ತಿರ ಇನ್ನೊಂದು ಪದ್ಧತಿ ಇತ್ತು. "ಅಕ್ಕಾ, ನೀವು ತುಂಬ್ಕೊಳ್ರಿ, ನಾ ಆಮ್ಯಾಲೆ" ಅಂತ ಕೊಡ ಹಿಂದೆ ಸರಿಸುವುದು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಇದಕ್ಕೆ ಅವಕಾಶ ಇತ್ತು, ಡಿಲೇ ಎಂದು ಹೆಸರು. 2014ರ ಐದನೇ ಆವೃತ್ತಿಯಲ್ಲಿ ತೆಗೆದುಬಿಟ್ಟರು. ಹೊಸಬರಿಗೆ ಇದು ಅನ್ಯಾಯ ಅನಿಸುತ್ತದೆ, ನನಗೂ ಅನಿಸಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿ. ಬಹಳಷ್ಟು ಮಂತ್ರಗಳು 'ನಿನ್ನ ಮುಂದಿನ ಪಾಳಿ ಮುಗಿಯುವವರೆಗೆ' ಇರುತ್ತವೆ. ಕೊಡವನ್ನು ಬೇಕಾದಾಗ ಹಿಂದೆ ಸರಿಸಲು ಬಿಟ್ಟರೆ ಮಂತ್ರದ ಆಯುಷ್ಯವನ್ನೂ ಬೇಕಾದಷ್ಟು ಎಳೆಯಬಹುದು. ಸೂರ್ಯ ಮುಳುಗುವುದರೊಳಗೆ ಸೈಂಧವನನ್ನು ಕೊಲ್ಲುತ್ತೇನೆಂದು ಅರ್ಜುನ ಶಪಥ ಮಾಡಿದ ಕಥೆ ನಮಗೆಲ್ಲ ಗೊತ್ತು. ಕೃಷ್ಣ ಸೂರ್ಯನನ್ನು ಮರೆಮಾಡಿದ, ಸೈಂಧವ ಗಡುವು ಮುಗಿಯಿತೆಂದು ತಲೆ ಹೊರಗೆ ಹಾಕಿದ, ಸೂರ್ಯ ಮತ್ತೆ ಕಂಡ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಈ ಮಾತು ಹೇಳಬಾರದೇನೋ, ನನ್ನ ಮೇಜಿನಲ್ಲಿ ಕೃಷ್ಣ ಕೂತು ಈ ಡಾವು ಹಾಕಿದ್ದರೆ ಕೌರವರ ಕಡೆಯವರು ಪುಸ್ತಕ ತೆರೆಸದೆ ಬಿಡುತ್ತಿರಲಿಲ್ಲ.

ಪಾಳಿಯನ್ನು ಗಡಿಯಾರ ಎಂದುಕೊಂಡರೆ ಏನಾಗುತ್ತದೆ ನೋಡಿ. ಧಾರವಾಡದಿಂದ ಹುಬ್ಬಳ್ಳಿ ಸುಮಾರು 20 ಕಿಲೋಮೀಟರ್. ಐದು ಅಡಿಗೊಬ್ಬರಂತೆ ಹದಿಮೂರು ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿ. ಪ್ರತಿಯೊಬ್ಬರೂ "ಪೇಢೆ ನನ್ನ ಕೈಗೆ ಬಂದ ಕೂಡಲೇ ಮುಂದಿನವರ ಕೈಗೆ ಕೊಡ್ತೀನಿ" ಎಂದು ರೆಡಿ ಮಾಡಿಕೊಳ್ಳಲಿ. ಲೈನ್ ಬಜಾರದಲ್ಲಿ ಒಬ್ಬ ಪೇಢೆ ಎತ್ತಿ ಕೊಟ್ಟ. ಎಲ್ಲರ ರಿಯಾಕ್ಷನ್ನೂ ಒಂದೇ ಸುತ್ತಿನಲ್ಲಿ ಮುಗಿಯಿತು. 6 ಸೆಕೆಂಡಿಗೆ ಬಿಸಿ ಪೇಢೆ ಹುಬ್ಬಳ್ಳಿಯಲ್ಲಿ, ಗಂಟೆಗೆ 12,000 ಕಿಲೋಮೀಟರ್ ವೇಗದಲ್ಲಿ! ಜಗತ್ತಿನ ಆಟಗಾರರು ಪೇಢೆಯ ಬದಲು ಈಟಿ ಇಟ್ಟುಕೊಂಡು ಇದೇ ಲೆಕ್ಕ ಹಾಕಿ, ಕೊನೆಯವ ಎಸೆದಾಗ ಅದು ಡ್ರ್ಯಾಗನ್ನನ್ನು ಸೀಳಿ ಆಚೆ ಹೋಗಬೇಕು ಎಂದು ವಾದಿಸುತ್ತಾ ಬಂದಿದ್ದಾರೆ. ಈಟಿ ಅಲ್ಲಿಯವರೆಗೆ ಬಂದದ್ದು ಆಟದ ನಿಯಮದಿಂದ, ಸೀಳಬೇಕಾದದ್ದು ಮಾತ್ರ ಭೌತಶಾಸ್ತ್ರದಿಂದ. ಎರಡು ದೋಣಿಯ ಮೇಲೆ ಕಾಲು. ನಿಯಮದಲ್ಲೇ ನಿಂತರೆ ಎಸೆದ ಈಟಿಗೆ ಆರು ಮುಖದ ಒಂದೇ ದಾಳದ ಪೆಟ್ಟು. ಭೌತಶಾಸ್ತ್ರದಲ್ಲಿ ನಿಂತರೆ ಪೇಢೆ ನವಲೂರು ದಾಟುವಷ್ಟರಲ್ಲಿ ಸಂಜೆ. 2024ರಲ್ಲಿ ಬಂದ ಡಿ.ಎಂ.ಗಳ ಪುಸ್ತಕ ಇದೇ ಈಟಿಯ ಉದಾಹರಣೆ ಎತ್ತಿ, ಇದಕ್ಕೆ ಬಿಡಬೇಡಿ ಎಂದು ಹೇಳಿದೆ.

ಹಳೆಯ ಪುಸ್ತಕ ಓದುವವರಿಗೆ ಒಂದು ಎಚ್ಚರಿಕೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟ ಹೊರತಂದಾಗ ಅದು ಗೊಂಬೆ ಸೈನಿಕರ ಯುದ್ಧದಾಟದ ಹೊಟ್ಟೆಯಿಂದ ಆಗತಾನೇ ಹುಟ್ಟಿತ್ತು. ಅಲ್ಲಿ ಟರ್ನ್ ಅಂದರೆ 10 ನಿಮಿಷ, ಕಾದಾಟದ ಸುತ್ತು ಅಂದರೆ 1 ನಿಮಿಷ. ಆಮೇಲೆ ಬಂದ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಆ ನಿಮಿಷವನ್ನು 6 ಸೆಕೆಂಡಿನ ಹತ್ತು ತುಂಡು ಮಾಡಿದರು. ಆ ಕಾಲದಲ್ಲಿ ಪಂಜು 6 ಟರ್ನ್ ಉರಿಯುತ್ತದೆ ಎಂದಿದ್ದರೆ ಒಂದು ತಾಸು. ಅದನ್ನೇ ಇವತ್ತಿನ ಅರ್ಥದಲ್ಲಿ ಓದಿದರೆ ಗುಹೆಯ ಬಾಗಿಲಲ್ಲೇ ಕತ್ತಲು.

ಇನ್ನು ಮನೆ ನಿಯಮ. ಚೌಕಾಬಾರ ಆಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಾಲ್ಕು ಕವಡೆ ಅಂಗಾತ ಬಿದ್ದರೆ ಚೌಕ, ಬೋರಲು ಬಿದ್ದರೆ ಬಾರ, ಮತ್ತೊಮ್ಮೆ ಆಡಬಹುದು. ಮೂರು ಸಲ ಹಾಗೇ ಬಿದ್ದರೆ? "ನಮ್ಮ ಮನ್ಯಾಗ ಸುಟ್ಟಹೋಗ್ತದ," ಅಂತ ಅತ್ತೆ. "ನಮ್ಮಲ್ಲೆ ಹಂಗಿಲ್ಲ," ಅಂತ ಸೊಸೆ. ಯಾವುದಾದರೂ ಸರಿ, ಕವಡೆ ಬೀಳುವ ಮೊದಲು ಹೇಳಿರಬೇಕು. ಹೀಗಾಗಿ ನಾನು ಈಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಆಟದ ನಡುವೆ ಒಂದು ನಿಮಿಷ ಮಾತ್ರ ಹುಡುಕುವುದು, ಸಿಗದಿದ್ದರೆ ಆಟಗಾರರ ಪರ ತೀರ್ಪು, ಮನೆಗೆ ಹೋಗಿ ಓದಿ ಮುಂದಿನ ವಾರ ಸರಿಪಡಿಸುವುದು. ಸಾಮಾನ್ಯ ನಿಯಮಕ್ಕಿಂತ ವಿಶೇಷ ನಿಯಮ ಬಲಶಾಲಿ ಎಂದು ಪುಸ್ತಕವೇ ಹೇಳುತ್ತದೆ. ನಮ್ಮ ವ್ಯಾಕರಣದವರು ಉತ್ಸರ್ಗ, ಅಪವಾದ ಎಂದು ಹೇಳಿಕೊಂಡು ಬಂದದ್ದು ಅದನ್ನೇ. ಮಾಸ್ತರರು ತಲೆ ಆಡಿಸಿದರು, ನನ್ನ ಪುಣ್ಯ.

ಫೈಟರ್ ಸಾಹೇಬರು ಮುಂದಿನ ಭಾನುವಾರ ಬಂದದ್ದು ಪುಸ್ತಕ ಓದಿಕೊಂಡು. ಅದೇ ಕೋಟೆ, ಇನ್ನೊಂದು ಮುಚ್ಚಿದ ಬಾಗಿಲು. ಅವರ ಪಾಳಿ ಬಂತು. ಈ ಸಲ ಕಾಯುತ್ತಾರಾ ಎಂದು ನೋಡಿದೆ.

"ಪಾಳಿಗೊಮ್ಮೆ ಬಾಗಲಾ ತೆಗಿಯೋದು ಪುಕ್ಕಟೆ ಅಲ್ರೀ?"

"ಹೌದು."

"ಮತ್ತ ನಾನs ತೆಗೀತೀನಿ. ಪಾಳಿ ನಂದು, ಬಾಣ ಎರಡು."

ಬಾಗಿಲ ಹಿಂದೆ ನಾಲ್ಕು ಓರ್ಕ್ ಇದ್ದವು.