ಗಾಡಿಯಿಂದ ಗಾಡಿಗೆ ಹೋಗುವ ಮಾತು

ಕೇಳುಗ ಮಿತ್ರರೇ, ನಮಸ್ಕಾರ.

ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯ ಪಕ್ಕ ನಿಂತು ನೋಡಿದವರಿಗೆಲ್ಲ ಈ ಸದ್ದು ಗೊತ್ತು. ಪಕ್ಕದಲ್ಲೇ ನಿಂತ ಕಾನ್‌ಸ್ಟೇಬಲ್ ಅವರ ವಾಕಿಟಾಕಿಯಿಂದ ಮೊದಲು ‘ಕ್ಷ್’ ಅಂತ ಒಂದು ಸದ್ದು, ಆಮೇಲೆ ಅವಸರದ ನಾಲ್ಕು ಮಾತು, ಆಮೇಲೆ ಮತ್ತೆ ‘ಕ್ಷ್’. ಅಷ್ಟು ಹೊತ್ತಿಗೆ ನಮ್ಮ ಮೊಬೈಲುಗಳು ಕೈಕೊಟ್ಟಿರುತ್ತವೆ, ಟವರುಗಳು ತಾಳಲಾರದಷ್ಟು ಫೋನುಗಳು ಒಂದೇ ರಸ್ತೆಯಲ್ಲಿ ಸೇರಿರುತ್ತವೆ. ಆದರೆ ವೈರ್‌ಲೆಸ್ ಮಾತ್ರ ನಡೆಯುತ್ತಲೇ ಇರುತ್ತದೆ. ನಂಬರ್ ಒತ್ತುವ ಹಾಗಿಲ್ಲ, ರಿಂಗ್ ಆಗುವವರೆಗೆ ಕಾಯುವ ಹಾಗಿಲ್ಲ. ಗುಂಡಿ ಒತ್ತಿದರೆ ಒಬ್ಬರ ಮಾತು ಆ ಚಾನಲ್‌ನಲ್ಲಿರುವ ಅಷ್ಟೂ ಜನಕ್ಕೆ ಒಂದೇ ಸಲ ತಲುಪುತ್ತದೆ.

ಈ ವೈರ್‌ಲೆಸ್ ಮಾತಿಗೆ ಎರಡು ದಾರಿಗಳಿವೆ. ಒಂದು, ಗಾಡಿಯಿಂದ ಹೊರಟ ಮಾತು ಎಲ್ಲೋ ಎತ್ತರದಲ್ಲಿರುವ ರಿಪೀಟರ್‌ಗೆ ಹೋಗಿ, ಅಲ್ಲಿಂದ ಬೇರೊಂದು ಫ್ರೀಕ್ವೆನ್ಸಿಯಲ್ಲಿ, ಜಾಸ್ತಿ ಬಲದಿಂದ ಎಲ್ಲರಿಗೂ ಹರಡುತ್ತದೆ. ಇನ್ನೊಂದು, ನಡುವೆ ಯಾರೂ ಇಲ್ಲದೆ ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ನೇರವಾಗಿ ಹೋಗುವ ಮಾತು. ಕೇಳುವುದಕ್ಕೂ ಅದೇ ಫ್ರೀಕ್ವೆನ್ಸಿ, ಹೇಳುವುದಕ್ಕೂ ಅದೇ ಫ್ರೀಕ್ವೆನ್ಸಿ. ಇದನ್ನು ಸಿಂಪ್ಲೆಕ್ಸ್ ಎನ್ನುತ್ತಾರೆ. ಅಮೆರಿಕದಲ್ಲಿ ಸ್ಕ್ಯಾನರ್ ಅನ್ನುವ ಕೇಳುವ ಯಂತ್ರ ಇಟ್ಟುಕೊಂಡು ಪೊಲೀಸ್ ಮಾತು ಕೇಳುವ ಹವ್ಯಾಸಿಗಳು ತುಂಬಾ ಜನ ಇದ್ದಾರೆ, ಅವರಲ್ಲಿ ಪಳಗಿದವರು ಹುಡುಕಿಕೊಂಡು ಹೋಗುವುದು ಈ ಎರಡನೆಯದನ್ನೇ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದೂ ಅದರ ಬಗ್ಗೆಯೇ. ರೇಡಿಯೊ ಅಂದರೆ ಏನು ಅಂತ ಕಿವಿಯಿಂದಲೇ ಕಲಿಯಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಅಂತ ನಾನು ನಂಬಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. ರಿಪೀಟರ್ ಮೂಲಕ ಬರುವ ಮಾತು ಊರಿಗೆಲ್ಲ ಒಂದೇ ಥರ ಕೇಳಿಸುತ್ತದೆ. ಮಾತಾಡಿದವರು ಹತ್ತಿರ ಇದ್ದಾರಾ ದೂರ ಇದ್ದಾರಾ ಅಂತ ಅದರಿಂದ ತಿಳಿಯುವುದಿಲ್ಲ. ನೇರ ಮಾತು ಹಾಗಲ್ಲ. ಅದು ಕೇಳಿಸಿತು ಅಂದರೆ ಮಾತಾಡಿದ ಗಾಡಿ ಹತ್ತಿರದಲ್ಲೇ ಇದೆ ಅಂತ ಅರ್ಥ. ಜೋರಾಗಿ ಕೇಳಿಸಿದರೆ ಪಕ್ಕದ ಬೀದಿ, ಗೊರಗೊರ ಸದ್ದಿನ ಜೊತೆ ಕೇಳಿಸಿದರೆ ನಾಲ್ಕೈದು ಕಿಲೋಮೀಟರ್. ಇಬ್ಬರು ಮಾತಾಡುವಾಗ ಒಬ್ಬರದ್ದು ಸ್ಪಷ್ಟವಾಗಿದ್ದು ಇನ್ನೊಬ್ಬರದ್ದು ಬರೀ ಮೌನವಾದರೆ ಆ ಇನ್ನೊಬ್ಬರು ನಮ್ಮ ಕಿವಿಯ ಆಚೆ ಇದ್ದಾರೆ ಅಂತಾಯಿತು.

ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಪೊಲೀಸ್ ಗಾಡಿಗಳಲ್ಲಿ ಬಳಸುವ ವಿಎಚ್‌ಎಫ್, ಅಂದರೆ ತುಂಬಾ ಹೆಚ್ಚಿನ ಫ್ರೀಕ್ವೆನ್ಸಿಯ, ಅಲೆಗಳು ಹೆಚ್ಚು ಕಡಿಮೆ ಕಣ್ಣಿನ ನೋಟದ ಹಾಗೆ ನೇರವಾಗಿ ಹೋಗುತ್ತವೆ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆದು 4.12ರಿಂದ ಗುಣಿಸಿ, ಆ ಆಂಟೆನಾಗೆ ಎಷ್ಟು ಕಿಲೋಮೀಟರ್ ದೂರ ಕಾಣುತ್ತದೆ ಅನ್ನುವುದು ಸಿಗುತ್ತದೆ. ಜೀಪಿನ ಮೇಲಿನ ಕಡ್ಡಿ ಸುಮಾರು 2 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ, ಅದಕ್ಕೆ ಹತ್ತಿರ ಹತ್ತಿರ 6 ಕಿಲೋಮೀಟರ್. ಎರಡೂ ಗಾಡಿಯದ್ದು ಸೇರಿಸಿದರೆ 12. ಅದೂ ಬಟ್ಟಾ ಬಯಲಿನಲ್ಲಿ. ದೇವರಾಜ ಅರಸು ರಸ್ತೆಯ ಕಟ್ಟಡಗಳ ನಡುವೆ ಅದು ಎಷ್ಟೋ ಕಡಿಮೆಯಾಗುತ್ತದೆ. ನಜರಬಾದಿನಲ್ಲಿ ಎರಡು ಗಾಡಿಗಳು ನೇರವಾಗಿ ಮಾತಾಡಿಕೊಂಡರೆ ಹೂಟಗಳ್ಳಿಯಲ್ಲಿರುವವರಿಗೆ ಒಂದು ಪದವೂ ಕೇಳದೇ ಹೋಗಬಹುದು.

ಅದೇ ಲೆಕ್ಕವನ್ನು ಚಾಮುಂಡಿ ಬೆಟ್ಟಕ್ಕೆ ಹಾಕಿ ನೋಡಿ. ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ ಇದೆ. ಅದರ ವರ್ಗಮೂಲ ಹದಿನೇಳು ಚಿಲ್ಲರೆ, ಗುಣಿಸಿದರೆ 71 ಕಿಲೋಮೀಟರ್, ಗಾಡಿಯ 6 ಸೇರಿಸಿದರೆ 77. ಮಂಡ್ಯ ಇಲ್ಲಿಂದ 45 ಕಿಲೋಮೀಟರ್ ಆಸುಪಾಸು. ಅಂದರೆ ಬೆಟ್ಟದ ಮೇಲೆ ಕೈಯಲ್ಲಿ 5 ವ್ಯಾಟಿನ ಸಣ್ಣ ಸೆಟ್ ಹಿಡಿದು ನಿಂತರೆ, ಅದೇ ಸೆಟ್ ಕೆಳಗೆ ಅಗ್ರಹಾರದಲ್ಲಿ ಹಿಡಿದು ನಿಂತಿದ್ದಕ್ಕಿಂತ ಎಷ್ಟೋ ಪಟ್ಟು ದೂರ ಮುಟ್ಟುತ್ತದೆ. ವ್ಯಾಟ್ ಜಾಸ್ತಿ ಮಾಡುವುದಕ್ಕಿಂತ ಎತ್ತರಕ್ಕೆ ಹತ್ತುವುದು ಮೇಲು. ರೇಡಿಯೊದವರೆಲ್ಲ ಮೊದಲು ಕಲಿಯುವ ಪಾಠ ಇದು.

ಆ ಜೀಪಿನ ಕಡ್ಡಿಯನ್ನು ಒಂದು ಸಲ ಸರಿಯಾಗಿ ನೋಡಿ. ಹೆಚ್ಚು ಕಡಿಮೆ ಅರ್ಧ ಮೀಟರ್ ಇರುತ್ತದೆ, ಗಾಡಿ ಹಳ್ಳಕ್ಕೆ ಇಳಿದಾಗ ಬಳುಕುತ್ತದೆ. ಆ ಉದ್ದ ಯಾರೋ ಸುಮ್ನೆ ಇಟ್ಟಿದ್ದಲ್ಲ. 150 ಮೆಗಾಹರ್ಟ್ಸ್ ಅಲೆಯ ಉದ್ದ 2 ಮೀಟರ್, ಅದರ ಕಾಲು ಭಾಗ ಅರ್ಧ ಮೀಟರ್. ಗಾಡಿಯ ತಗಡಿನ ಮೇಲ್ಭಾಗವೇ ಆಂಟೆನಾದ ಇನ್ನರ್ಧದ ಕೆಲಸ ಮಾಡುತ್ತದೆ. ಕಡ್ಡಿ ನೋಡಿಯೇ ಫ್ರೀಕ್ವೆನ್ಸಿ ಅಂದಾಜು ಮಾಡುವುದು ಹೀಗೆ.

ಗಾಡಿಗಳು ಹೀಗೆ ಪರಸ್ಪರ ಮಾತಾಡುವುದು ಮೊದಲಿನಿಂದ ಇರಲಿಲ್ಲ. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ಗಾಡಿಯಲ್ಲಿ ರೇಡಿಯೊ ಇಟ್ಟಾಗ ಅದು ಒಂದು ಕಡೆಯ ಮಾತು. ಠಾಣೆ ಹೇಳುತ್ತಿತ್ತು, ಗಾಡಿ ಕೇಳುತ್ತಿತ್ತು. ಉತ್ತರ ಕೊಡಬೇಕಾದರೆ ಗಾಡಿ ನಿಲ್ಲಿಸಿ ಫೋನ್ ಹುಡುಕಬೇಕು. 1933ರಲ್ಲಿ ನ್ಯೂಜೆರ್ಸಿಯ ಬೇಯಾನ್ ಊರಿನಲ್ಲಿ ಗಾಡಿಯೂ ತಿರುಗಿ ಮಾತಾಡುವಂತಾಯಿತು. ಆದರೆ ಅದು ಎಎಂ ರೇಡಿಯೊ, ಇಂಜಿನ್ನಿನ ಕಿಡಿಯ ಸದ್ದೆಲ್ಲ ಮಾತಿನ ಮೇಲೆ ಬಂದು ಕೂರುತ್ತಿತ್ತು. 1940ರ ಸುಮಾರಿಗೆ ಕನೆಕ್ಟಿಕಟ್ ರಾಜ್ಯದ ಪೊಲೀಸರಿಗೆ ಡೇನಿಯಲ್ ನೋಬಲ್ ಅನ್ನುವ ಪ್ರೊಫೆಸರ್ ಎಫ್‌ಎಂ ವ್ಯವಸ್ಥೆ ಮಾಡಿಕೊಟ್ಟರು. ಅಲ್ಲಿಂದ ಗಾಡಿಯ ಮಾತು ಸ್ಪಷ್ಟವಾಯಿತು.

ಆ ಮೊದಲ ದಿನಗಳಲ್ಲಿ ಪೊಲೀಸ್ ಮಾತು ಬರುತ್ತಿದ್ದದ್ದು ಸಾಮಾನ್ಯ ರೇಡಿಯೊ ಸ್ಟೇಷನ್‌ಗಳ ಪಕ್ಕದಲ್ಲೇ. ಹಾಗಾಗಿ ಅಲ್ಲಿಯ ಮನೆಮನೆಯ ರೇಡಿಯೊ ಡಯಲ್ ಮೇಲೆ ‘ಪೊಲೀಸ್’ ಅಂತಲೇ ಅಚ್ಚು ಹಾಕುತ್ತಿದ್ದರು. ಕೇಳುವ ಹವ್ಯಾಸ ಹುಟ್ಟಿದ್ದು ಅಲ್ಲಿ.

ಇನ್ನೊಂದು ಮಾತು ಇಲ್ಲೇ ಹೇಳಬೇಕು ಅನ್ನಿಸುತ್ತದೆ. ಅದೇ ಕಾಲಕ್ಕೆ, 1935ರಲ್ಲಿ, ನಮ್ಮ ಒಂಟಿಕೊಪ್ಪಲಿನ ‘ವಿಠ್ಠಲ ವಿಹಾರ’ ಮನೆಯಿಂದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಶುರು ಮಾಡಿದರು. ಅವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್. ಅವರ ಮೊದಲ ಟ್ರಾನ್ಸ್‌ಮಿಟರ್ 30 ವ್ಯಾಟಿನದ್ದು. ಇವತ್ತು ಒಂದು ಗಾಡಿಯ ವೈರ್‌ಲೆಸ್ ಸೆಟ್ ಸಾಮಾನ್ಯವಾಗಿ 25 ವ್ಯಾಟ್. ಒಂದು ಊರಿಗೆ ಹಾಡು, ಭಾಷಣ ಕೇಳಿಸಿದ ಟ್ರಾನ್ಸ್‌ಮಿಟರಿನ ಬಲವೂ ಜೀಪಿನ ಸೀಟಿನ ಪಕ್ಕ ಕೂರುವ ಸೆಟ್ಟಿನ ಬಲವೂ ಹತ್ತಿರ ಹತ್ತಿರ ಒಂದೇ. ಮೈಸೂರಿನವರು ಇದನ್ನು ಹೆಮ್ಮೆಯಿಂದ ನೆನೆಯಬೇಕು.

ಈಗ ಸ್ಕ್ಯಾನರ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಅದು ಬರೀ ಕೇಳುವ ಯಂತ್ರ, ಮಾತಾಡುವುದಿಲ್ಲ. ಅದರ ನೆನಪಿನಲ್ಲಿರುವ ಚಾನಲ್‌ಗಳನ್ನು ಒಂದಾದ ಮೇಲೆ ಒಂದರಂತೆ ತಟ್ಟಿ ನೋಡುತ್ತಾ ಹೋಗುತ್ತದೆ. ಎಲ್ಲಿ ಅಲೆ ಇದೆಯೋ ಅಲ್ಲಿ ನಿಲ್ಲುತ್ತದೆ, ಮಾತು ಮುಗಿದ ಮೇಲೂ ಒಂದೆರಡು ಸೆಕೆಂಡು ಅಲ್ಲೇ ಕಾಯುತ್ತದೆ, ಯಾಕೆಂದರೆ ಉತ್ತರ ಅದೇ ಚಾನಲ್‌ನಲ್ಲಿ ಬರಬೇಕು. ಗಾಡಿಯಿಂದ ಗಾಡಿಗೆ ಹೋಗುವ ಮಾತು ಕೇಳುವವರಿಗೆ ಈ ಕಾಯುವಿಕೆ ತುಂಬಾ ಮುಖ್ಯ. ಹಳೆಯ ಸ್ಕ್ಯಾನರ್‌ಗಳಲ್ಲಿ ಒಂದೊಂದು ಚಾನಲ್‌ಗೂ ಅದರ ಫ್ರೀಕ್ವೆನ್ಸಿ ಗೊತ್ತುಮಾಡುವ ಒಂದೊಂದು ಕ್ರಿಸ್ಟಲ್ ಕೊಂಡು ಸಿಕ್ಕಿಸಬೇಕಿತ್ತು. 1970ರ ದಶಕದಲ್ಲಿ ಗುಂಡಿ ಒತ್ತಿ ಫ್ರೀಕ್ವೆನ್ಸಿ ತುಂಬಿಸುವ ಸೆಟ್‌ಗಳು ಬಂದವು.

ಸ್ಕ್ವೆಲ್ಚ್ ಅನ್ನುವ ಒಂದು ತಿರುಗಣೆ ಇರುತ್ತದೆ. ಯಾರೂ ಮಾತಾಡದೇ ಇದ್ದಾಗ ಎಫ್‌ಎಂ ರಿಸೀವರ್ ‘ಶ್ಶ್’ ಅಂತ ಒಂದೇ ಸಮನೆ ಕೂಗುತ್ತದೆ. ತಿರುಗಣೆಯನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಆ ಸದ್ದು ಟಕ್ ಅಂತ ನಿಲ್ಲುತ್ತದೆ. ಅಲ್ಲೇ ಬಿಡಬೇಕು. ಇನ್ನೂ ಮುಂದೆ ತಿರುಗಿಸಿದರೆ ದೂರದ ಸಣ್ಣ ದನಿಗಳು ಒಳಗೇ ಬರುವುದಿಲ್ಲ. ಮಾತು ಮುಗಿದಾಗ ಕೇಳುವ ಆ ‘ಕ್ಷ್’ ಇದೆಯಲ್ಲ, ಅದು ಈ ಸ್ಕ್ವೆಲ್ಚ್ ಬಾಗಿಲು ಮುಚ್ಚಿಕೊಳ್ಳುವ ಮುಂಚಿನ ಅರೆಗಳಿಗೆ.

ಎಫ್‌ಎಂನಲ್ಲಿ ಇನ್ನೊಂದು ಗುಣ ಇದೆ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಯಾರ ಅಲೆ ಬಲವಾಗಿದೆಯೋ ಅವರ ಮಾತು ಮಾತ್ರ ಕೇಳುತ್ತದೆ, ಇನ್ನೊಬ್ಬರದ್ದು ಪೂರ್ತಿ ಮುಳುಗಿಹೋಗುತ್ತದೆ. ಮುಳುಗಿದವರಿಗೆ ಅದು ಗೊತ್ತೂ ಆಗುವುದಿಲ್ಲ, ತನ್ನ ಮಾತು ಹೋಯಿತು ಅಂತಲೇ ಅಂದುಕೊಂಡಿರುತ್ತಾರೆ. ಜಂಬೂಸವಾರಿಯಂಥ ನೂಕುನುಗ್ಗಲಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಕೇಳಿಸಿಕೊಂಡವರು ಮಾತನ್ನು ತಿರುಗಿ ಹೇಳುವುದು, ಕೊನೆಗೆ ‘ಓವರ್’ ಅನ್ನುವುದು ಇದಕ್ಕೇ. ವಿಮಾನದವರು ಇವತ್ತಿಗೂ ಎಎಂ ಬಿಟ್ಟಿಲ್ಲ. ಅದರಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಸಿಳ್ಳೆಯಂಥ ಸದ್ದು ಬರುತ್ತದೆ, ಯಾರದೋ ಮಾತು ತಪ್ಪಿತು ಅಂತ ಕೂಡಲೇ ತಿಳಿಯುತ್ತದೆ.

ಹಾಗಾದರೆ ನಾವೂ ಒಂದು ಸ್ಕ್ಯಾನರ್ ತರಿಸಿ ಪೊಲೀಸರ ಗರುಡ ಗಾಡಿಗಳ ಮಾತು ಕೇಳಬಹುದಾ? ಬೇಡಿ. ಕಾನೂನು ಒಪ್ಪುವುದಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮನೆಯಲ್ಲಿ ಕೂತು ಕೇಳುವುದಕ್ಕೆ ಅಡ್ಡಿ ಇಲ್ಲ, ಇಲ್ಲಿ ಹಾಗಲ್ಲ. ನಮ್ಮಲ್ಲಿ 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದ ಸೆಟ್ ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಕೇಳುತ್ತಾ ಬಂದಿದ್ದಾರೆ. ಹಿರಿಯರಿಗೆ ನೆನಪಿರಬಹುದು, ಮನೆಯ ಹಾಡು ಕೇಳುವ ರೇಡಿಯೊಗೂ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಪುಸ್ತಕಕ್ಕೆ ಸ್ಟ್ಯಾಂಪ್ ಹಾಕಿಸಬೇಕಿತ್ತು. ಅದನ್ನು 1980ರ ದಶಕದಲ್ಲಿ ತೆಗೆದರು. ಬೇರೆಯವರ ಸಂದೇಶವನ್ನು ಕದ್ದು ಕೇಳುವುದು ಮಾತ್ರ ಇವತ್ತಿಗೂ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿ ಕೊಳ್ಳುವ ಹುಡುಗರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಕಾನೂನಿನ ಮಾತು ಬಿಡಿ. ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅಪಘಾತ ಆಯಿತು ಅಂದುಕೊಳ್ಳಿ. ಗಾಡಿಯ ನಂಬರ್, ಗಾಯಗೊಂಡವರ ಹೆಸರು, ಊರು ಎಲ್ಲವೂ ವೈರ್‌ಲೆಸ್‌ನಲ್ಲಿ ಬಿಚ್ಚಿ ಹೇಳುತ್ತಾರೆ, ಹೇಳಲೇಬೇಕು. ಮನೆಯವರಿಗೆ ಫೋನ್ ಹೋಗುವ ಮೊದಲೇ ಆ ಹೆಸರು ಯಾರದೋ ವಾಟ್ಸಾಪ್ ಗುಂಪಿನಲ್ಲಿ ಓಡಾಡಿದರೆ ಹೇಗಿರುತ್ತದೆ, ನೀವೇ ಯೋಚನೆ ಮಾಡಿ. ಆ ತಾಯಿಗೆ ಆ ಸುದ್ದಿ ಹಾಗೆ ತಲುಪಬಾರದು. ನನಗೆ ದಂಡದ ಭಯಕ್ಕಿಂತ ಇದು ದೊಡ್ಡ ಕಾರಣ.

ಕೇಳುವ ಕಾಲವೂ ಮುಗಿಯುತ್ತಾ ಬಂದಿದೆ. ಎಲ್ಲ ಕಡೆ ಪೊಲೀಸರು ಡಿಜಿಟಲ್‌ಗೆ ಹೋಗುತ್ತಿದ್ದಾರೆ, ಜೊತೆಗೆ ಗೂಢಲಿಪಿಯ ಬೀಗ. ನ್ಯೂಯಾರ್ಕ್ ಪೊಲೀಸರೂ 2023ರಿಂದ ಚಾನಲ್‌ಗಳಿಗೆ ಬೀಗ ಹಾಕಲು ಶುರು ಮಾಡಿದರು. ಹಳೆಯ ಸ್ಕ್ಯಾನರ್‌ನಲ್ಲಿ ಅದನ್ನು ಕೇಳಿದರೆ ಜೇನುಗೂಡಿಗೆ ಕಿವಿ ಇಟ್ಟ ಹಾಗೆ ಬರೀ ಗುಂಯ್ ಅನ್ನುತ್ತದೆ.

ಹಾಗಂತ ಈ ವಿದ್ಯೆ ನಮಗೆ ಸಿಗುವುದಿಲ್ಲ ಅಂತ ಅಲ್ಲ. ಗಾಡಿಯಿಂದ ಗಾಡಿಗೆ ಮಾತಾಡುವುದನ್ನು, ದನಿ ಕೇಳಿ ದೂರ ಅಳೆಯುವುದನ್ನು ರಾಜಮಾರ್ಗದಲ್ಲೇ ಕಲಿಯುವ ದಾರಿ ಇದೆ. ಅದು ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೊ. ಹ್ಯಾಮ್‌ಗಳಿಗೆ ಅಂತಲೇ 144ರಿಂದ 146 ಮೆಗಾಹರ್ಟ್ಸ್ ಜಾಗ ಕೊಟ್ಟಿದ್ದಾರೆ. ಪೊಲೀಸ್ ವಿಎಚ್‌ಎಫ್ ಅಲೆಗಳಿಗೂ ಇದಕ್ಕೂ ಸ್ವಭಾವದಲ್ಲಿ ಏನೂ ವ್ಯತ್ಯಾಸ ಇಲ್ಲ. ಅದೇ ಅರ್ಧ ಮೀಟರ್ ಕಡ್ಡಿ, ಅದೇ ಬೆಟ್ಟದ ಲೆಕ್ಕ, ಅದೇ ‘ಕ್ಷ್’. ಇಲ್ಲಿ ಮಾತಾಡುವವರು ನೀವು ಕೇಳಲಿ ಅಂತಲೇ ಮಾತಾಡುತ್ತಾರೆ, ಬೇಕಾದರೆ ನೀವು ಉತ್ತರವನ್ನೂ ಕೊಡಬಹುದು. ಇದು ಸುಮ್ನೆ ಹೊತ್ತು ಕಳೆಯುವ ಆಟ ಅಂದುಕೊಳ್ಳಬೇಡಿ. 2004ರ ಸುನಾಮಿಯಲ್ಲಿ ಅಂಡಮಾನಿನ ಫೋನುಗಳು ಸತ್ತಾಗ ಪೋರ್ಟ್‌ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಅವರ ಹ್ಯಾಮ್ ಸೆಟ್ಟು ಹೊರಗಿನವರಿಗೆ ಸುದ್ದಿ ಮುಟ್ಟಿಸಿತು.

ಹ್ಯಾಮ್‌ಗಳಲ್ಲಿ ನರಿಬೇಟೆ ಅಂತ ಒಂದು ಆಟ ಇದೆ, ಮಕ್ಕಳಿಗೆ ಬಹಳ ಇಷ್ಟ. ಒಂದು ಪುಟ್ಟ ಟ್ರಾನ್ಸ್‌ಮಿಟರನ್ನು ಎಲ್ಲೋ ಪೊದೆಯಲ್ಲಿ ಬಚ್ಚಿಡುತ್ತಾರೆ, ಉಳಿದವರು ಅದರ ಅಲೆ ಹಿಡಿದು ಹುಡುಕಬೇಕು. ದೊಡ್ಡ ಉಪಕರಣ ಏನೂ ಬೇಡ. ಕೈಸೆಟ್ಟನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ಮೆಲ್ಲಗೆ ಒಂದು ಸುತ್ತು ತಿರುಗಿ. ನಮ್ಮ ದೇಹ ಅಲೆಗೆ ಅಡ್ಡ ನಿಲ್ಲುತ್ತದೆ. ಎಲ್ಲಿ ದನಿ ತೀರಾ ಸಣ್ಣಗಾಯಿತೋ ಆಗ ನರಿ ನಿಮ್ಮ ಬೆನ್ನ ಹಿಂದಿದೆ. ತೀರಾ ಹತ್ತಿರ ಬಂದಾಗ ಯಾವ ಕಡೆ ತಿರುಗಿದರೂ ಜೋರಾಗಿಯೇ ಕೇಳುತ್ತದೆ, ಆಗ ಆಂಟೆನಾ ಬಿಚ್ಚಿಬಿಡಿ, ಇಲ್ಲವೇ ಫ್ರೀಕ್ವೆನ್ಸಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ.

ಲೈಸೆನ್ಸ್ ಪಡೆಯಲು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬೇಕು. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಸುಲಭದ್ದು ರೆಸ್ಟ್ರಿಕ್ಟೆಡ್ ಗ್ರೇಡ್, ಅದಕ್ಕೆ ಚುಕ್ಕೆ-ಗೆರೆಯ ಮೋರ್ಸ್ ಸಂಕೇತ ಬೇಡ. ಹೈಸ್ಕೂಲ್ ಮಟ್ಟದ ಎಲೆಕ್ಟ್ರಾನಿಕ್ಸ್ ಮತ್ತು ರೇಡಿಯೊ ನಿಯಮಗಳನ್ನು ಓದಿಕೊಂಡರೆ ಸಾಕು. ಪಾಸಾದವರಿಗೆ ವಿಯು3ಯಿಂದ ಶುರುವಾಗುವ ಒಂದು ಕರೆಹೆಸರು ಸಿಗುತ್ತದೆ. ನಮ್ಮ ಮೈಸೂರಿನಲ್ಲೇ ಹ್ಯಾಮ್‌ಗಳಿದ್ದಾರೆ. ಹೊಸಬರು ಬಂದು ಕೇಳಿದರೆ ಕೂರಿಸಿಕೊಂಡು, ಸೆಟ್ ಕೈಗೆ ಕೊಟ್ಟು ತೋರಿಸುತ್ತಾರೆ. ಮನೆಯಲ್ಲಿ ಕುತೂಹಲದ ಮಕ್ಕಳಿದ್ದರೆ ಈ ರಜೆಯಲ್ಲೇ ಒಂದು ಸಲ ಕರೆದುಕೊಂಡು ಹೋಗಿ.