ಎರಡು ನಿಯೋಜನೆಗಳ ನಡುವಿನ ಡೆಸ್ಟ್ರಾಯರ್

ಕೇಳುಗರಿಗೆ ನಮಸ್ಕಾರ. ಯುದ್ಧನೌಕೆಯೊಂದು ಸುದ್ದಿಯಾಗುವುದು ಹೆಚ್ಚಾಗಿ ಅದು ದೂರದ ಕಡಲಿನಲ್ಲಿರುವಾಗ. ಕೆಂಪು ಸಮುದ್ರದಲ್ಲಿ ಕ್ಷಿಪಣಿಯೊಂದನ್ನು ಹೊಡೆದುರುಳಿಸಿತೆಂದೋ, ದಕ್ಷಿಣ ಚೀನಾ ಸಮುದ್ರವನ್ನು ಹಾದುಹೋಯಿತೆಂದೋ ನಾವು ಓದುತ್ತೇವೆ. ತಿಂಗಳುಗಟ್ಟಲೆಯ ನಿಯೋಜನೆ ಮುಗಿದು ಹಡಗು ತವರು ಬಂದರಿಗೆ ಮರಳಿದರೆ ಸುದ್ದಿಯೂ ಮುಗಿಯುತ್ತದೆ. ಆದರೆ ಮುಂದಿನ ನಿಯೋಜನೆಯಲ್ಲಿ ಆ ಹಡಗು ಉಳಿಯುತ್ತದೋ ಮುಳುಗುತ್ತದೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಈ ಸುದ್ದಿಯಿಲ್ಲದ ಕಾಲದಲ್ಲೇ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ನೌಕಾಪಡೆಯ ಡೆಸ್ಟ್ರಾಯರ್‌ಗಳನ್ನು, ಅಂದರೆ ಕ್ಷಿಪಣಿ ಹೊತ್ತ ವೇಗದ ಯುದ್ಧನೌಕೆಗಳನ್ನು, ಮುಂದಿಟ್ಟುಕೊಂಡು ಅದನ್ನು ವಿವರಿಸುತ್ತೇನೆ.

ಆ ನೌಕಾಪಡೆಯ ಬೆನ್ನೆಲುಬು ಆರ್ಲೀ ಬರ್ಕ್ ವರ್ಗದ ಡೆಸ್ಟ್ರಾಯರ್. ಇದರ ಮೊದಲ ಹಡಗು ಸೇವೆಗೆ ಸೇರಿದ್ದು 1991ರ ಜುಲೈ 4ರಂದು. ಸುಮಾರು 155 ಮೀಟರ್ ಉದ್ದ, ಮುನ್ನೂರರ ಆಸುಪಾಸಿನ ಸಿಬ್ಬಂದಿ, ಒಟ್ಟು ಒಂದು ಲಕ್ಷ ಅಶ್ವಶಕ್ತಿಯ ನಾಲ್ಕು ಗ್ಯಾಸ್ ಟರ್ಬೈನುಗಳು, ಡೆಕ್ಕಿನಡಿ ನೇರ ನಿಲ್ಲಿಸಿದ 90 ಅಥವಾ 96 ಕ್ಷಿಪಣಿ ಕೋಶಗಳು ಇದರಲ್ಲಿವೆ. ಇಂಥ ಹಡಗಿಗೆ ನೌಕಾಪಡೆ 2014ರಲ್ಲಿ 36 ತಿಂಗಳ ಆವರ್ತವೊಂದನ್ನು ರೂಪಿಸಿತು. ಮೊದಲು ದುರಸ್ತಿ, ಆಮೇಲೆ ಒಂಟಿ ಹಡಗಾಗಿ ಮೂಲ ತರಬೇತಿ, ಬಳಿಕ ಬೇರೆ ಹಡಗುಗಳ ಜೊತೆಗೂಡಿ ತರಬೇತಿ, ಅನಂತರ ನಿಯೋಜನೆ, ಕೊನೆಗೆ ಕರೆ ಬಂದರೆ ಹೊರಡಲು ಸಜ್ಜಾಗಿರುವ ಅವಧಿ. ಮೂರು ವರ್ಷಗಳಲ್ಲಿ ದೂರದ ನಿಯೋಜನೆಗೆ ಸಲ್ಲುವುದು ಸಣ್ಣ ಪಾಲು ಮಾತ್ರ.

ಒಮ್ಮೆ ಕಲಿತವರಿಗೆ ಮತ್ತೆ ಮೂಲ ತರಬೇತಿ ಏಕೆ ಎಂಬ ಪ್ರಶ್ನೆ ಸಹಜ. ಕಲಿತವರು ಹಡಗಿನಲ್ಲಿ ಉಳಿದಿರುವುದಿಲ್ಲ ಎಂಬುದೇ ಉತ್ತರ. ನಾವಿಕರಿಗೂ ಅಧಿಕಾರಿಗಳಿಗೂ ಕೆಲವೇ ವರ್ಷಗಳಿಗೊಮ್ಮೆ ವರ್ಗಾವಣೆಯಾಗುತ್ತದೆ. ದುರಸ್ತಿ ಅಂಗಳದಿಂದ ಹೊರಬರುವ ಹಡಗಿನ ಯಂತ್ರಗಳು ಹಳೆಯವೇ ಆದರೂ ಅವುಗಳ ಮುಂದೆ ನಿಂತವರಲ್ಲಿ ಹಲವರು ಆ ಹಡಗಿನಲ್ಲಿ ಎಂದೂ ಕಡಲಿಗೆ ಇಳಿದವರಲ್ಲ.

ಮೂಲ ತರಬೇತಿಯ ತಿರುಳು ಹಾನಿ ನಿಯಂತ್ರಣ. ಹಡಗಿನ ಹೆಚ್ಚಿನ ಬಾಗಿಲು, ಮುಚ್ಚಳ, ಕವಾಟಗಳ ಮೇಲೆ ಎಕ್ಸ್, ವೈ, ಝಡ್ ಎಂಬ ಅಕ್ಷರಗಳಲ್ಲೊಂದನ್ನು ಬರೆದಿರುತ್ತದೆ. ಯಾವ ಸ್ಥಿತಿಯಲ್ಲಿ ಯಾವುದನ್ನು ಮುಚ್ಚಬೇಕೆಂಬುದಕ್ಕೆ ಅದೇ ಗುರುತು. ಕದನ ಸನ್ನದ್ಧತೆಯ ಗಂಟೆ ಬಾರಿಸಿದೊಡನೆ ಝಡ್ ಗುರುತಿನವೂ ಮುಚ್ಚಿ ಹಡಗು ನೀರು ನುಗ್ಗದ ಕೋಣೆಗಳಾಗಿ ಒಡೆದುಕೊಳ್ಳುತ್ತದೆ. ಆಮೇಲೆ ತರಬೇತುದಾರರು ಒಂದು ಕೋಣೆಯನ್ನು ತೋರಿಸಿ ಇಲ್ಲಿ ಬೆಂಕಿ ಎಂದು ಘೋಷಿಸುತ್ತಾರೆ. ಬೆನ್ನಿಗೆ ಉಸಿರಾಟದ ಸಿಲಿಂಡರ್ ಹೊತ್ತ ತಂಡವೊಂದು ನೀರಿನ ಹೋಸ್ ಹಿಡಿದು ಒಳನುಗ್ಗುತ್ತದೆ. ಇನ್ನೊಂದು ತಂಡ ಪಕ್ಕದ ಕೋಣೆಗಳಲ್ಲಿ ನಿಂತು ಗೋಡೆಗಳ ಮೇಲೆ ನೀರು ಹಾಯಿಸುತ್ತದೆ. ಉಕ್ಕಿನ ಹಡಗಿನಲ್ಲಿ ಬೆಂಕಿ ಬಾಗಿಲಿನಿಂದಷ್ಟೇ ಹರಡುವುದಿಲ್ಲ, ಕಾದ ಗೋಡೆಯ ಆಚೆಗಿನ ಬಣ್ಣ, ತಂತಿ, ಕಾಗದಗಳನ್ನೂ ಹೊತ್ತಿಸುತ್ತದೆ. ಬಿರಿದ ಗೋಡೆಗೆ ಒತ್ತುಗೊಡಲು ಇಂದಿಗೂ ಮರದ ತೊಲೆ, ಮರದ ಬೆಣೆಗಳನ್ನೇ ಬಡಿಯುವುದುಂಟು. ಕ್ಷಿಪಣಿ ಯುಗದ ನೌಕೆಯಲ್ಲಿ ಬಡಗಿಯ ಕೆಲಸವೂ ಬೇಕಾಗುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಆಯುಧಗಳ ಪರೀಕ್ಷೆ ನೋಡಲು ಆಕರ್ಷಕವಾದರೂ ಅದರಲ್ಲಿ ಸಿಡಿತಕ್ಕಿಂತ ಲೆಕ್ಕಾಚಾರವೇ ಹೆಚ್ಚು. ಪರೀಕ್ಷೆಗೆ ಹಾರಿಸುವ ಕ್ಷಿಪಣಿಯಲ್ಲಿ ಸಾಮಾನ್ಯವಾಗಿ ಸಿಡಿತಲೆಯ ಜಾಗದಲ್ಲಿ ಮಾಹಿತಿ ರವಾನಿಸುವ ಉಪಕರಣವಿರುತ್ತದೆ. ಅಭ್ಯಾಸದ ಟಾರ್ಪಿಡೊ ಓಟ ಮುಗಿಸಿ ನೀರಿನ ಮೇಲೆ ತೇಲುತ್ತದೆ. ಅದನ್ನು ಎತ್ತಿ ತಂದು ಮತ್ತೆ ಬಳಸುತ್ತಾರೆ. ಗುಂಡು ಹಾರಿಸುವ ಮುನ್ನ ಆ ಪ್ರದೇಶದಲ್ಲಿ ಮೀನುಗಾರರ ದೋಣಿಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಗಂಟೆಗಟ್ಟಲೆ ಕಾಯಬೇಕಾದೀತು. ಪೋರ್ಟೊ ರಿಕೊದ ವಿಯೆಕೆಸ್ ದ್ವೀಪದ ಗುಂಡಿನ ಅಭ್ಯಾಸ ವಲಯ ಸ್ಥಳೀಯರ ದೀರ್ಘ ವಿರೋಧದಿಂದಾಗಿ 2003ರಲ್ಲಿ ಮುಚ್ಚಿದಾಗ ಅಟ್ಲಾಂಟಿಕ್ ಕಡೆಯ ಹಡಗುಗಳಿಗೆ ದಡದ ಮೇಲೆ ಗುಂಡು ಹಾರಿಸಿ ಕಲಿಯಲು ದಡವೇ ಇಲ್ಲವಾಯಿತು. ಅದಕ್ಕೆ ಕಂಡುಕೊಂಡ ಉಪಾಯ ಸೊಗಸಾದದ್ದು. ಕಡಲಿನಲ್ಲಿ ತೇಲುಬೋಯೆಗಳನ್ನು ಬಿಟ್ಟು, ಗುಂಡು ನೀರಿಗೆ ಅಪ್ಪಳಿಸಿದ ಸದ್ದನ್ನು ಅವುಗಳಿಂದ ಆಲಿಸಿ, ಅದು ಬಿದ್ದ ಜಾಗವನ್ನು ಲೆಕ್ಕಹಾಕಿ, ಗಣಕದ ಪರದೆಯ ಮೇಲಿನ ಕಾಲ್ಪನಿಕ ದ್ವೀಪದಲ್ಲಿ ಅದು ಎಲ್ಲಿ ಬಿದ್ದಂತಾಯಿತೆಂದು ತೋರಿಸುವ ವ್ಯವಸ್ಥೆ ಅದು.

ಪರೀಕ್ಷೆಯೆಂದರೆ ಅಪಾಯವಿಲ್ಲವೆಂದಲ್ಲ. 2013ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಚಾನ್ಸಲರ್ಸ್‌ವಿಲ್ ಎಂಬ ಕ್ರೂಸರಿಗೆ, ಅಂದರೆ ಡೆಸ್ಟ್ರಾಯರಿಗಿಂತ ತುಸು ದೊಡ್ಡ ಯುದ್ಧನೌಕೆಗೆ, ಅಭ್ಯಾಸದ ಡ್ರೋನೇ ಬಂದು ಬಡಿಯಿತು. 2015ರ ಜುಲೈಯಲ್ಲಿ ದ ಸಲಿವನ್ಸ್ ಎಂಬ ಡೆಸ್ಟ್ರಾಯರ್ ಹಾರಿಸಿದ ಕ್ಷಿಪಣಿ ಕೋಶದಿಂದ ಮೇಲೇಳುತ್ತಲೇ ಸ್ಫೋಟಿಸಿತು.

ಇನ್ನು ಬಂದರು ಭೇಟಿಗಳು. ನಾವಿಕರಿಗೆ ರಜೆ, ಅತಿಥೇಯ ದೇಶಕ್ಕೆ ಸೌಜನ್ಯ, ಹಡಗಿಗೆ ಇಂಧನ ಮತ್ತು ತರಕಾರಿ. ಇಷ್ಟೇ ಎಂದು ಹೊರಗಿನವರಿಗೆ ತೋರುತ್ತದೆ. ಕಪ್ತಾನನ ಮಟ್ಟಿಗೆ ಅದೂ ಪರೀಕ್ಷೆಯೇ, ಏಕೆಂದರೆ ಕಡಲಿನಲ್ಲಿ ಓಡುವ ಹಡಗಿಗಿಂತ ನಿಂತ ಹಡಗನ್ನು ಕಾಯುವುದು ಕಷ್ಟ. 2000ದ ಅಕ್ಟೋಬರ್ 12ರಂದು ಯೆಮೆನಿನ ಏಡನ್ ಬಂದರಿನಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದ ಕೋಲ್ ಎಂಬ ಡೆಸ್ಟ್ರಾಯರಿನ ಪಕ್ಕಕ್ಕೆ ಸ್ಫೋಟಕ ತುಂಬಿದ ಪುಟ್ಟ ದೋಣಿಯೊಂದು ಬಂದು ಸಿಡಿದು, 17 ಮಂದಿ ನಾವಿಕರು ಸತ್ತರು. ಒಡಲಿನಲ್ಲಿ ದೊಡ್ಡ ರಂಧ್ರವಾಗಿದ್ದರೂ ಹಡಗು ಮುಳುಗಲಿಲ್ಲ. ಉಳಿದವರು ದಿನಗಟ್ಟಲೆ ನೀರಿನೊಡನೆ ಸೆಣಸಿದರು. ಪಂಪುಗಳು ಕೈಕೊಟ್ಟಾಗ ಸಾಲಾಗಿ ನಿಂತು ಬಕೆಟ್ಟುಗಳಿಂದ ನೀರು ಹೊರಚೆಲ್ಲಿದರು. ಆ ಸೆಣಸಾಟ ಅವರಿಗೆ ಕೈಬಂದದ್ದು ತರಬೇತಿಯಿಂದ. ಕೋಲ್ 2002ರಲ್ಲಿ ಮತ್ತೆ ಸೇವೆಗೆ ಮರಳಿತು.

ಇದಕ್ಕೆ ತಿರುಗುಮುರುಗಾದ ಉದಾಹರಣೆ 2017ರದು. ಜೂನ್ 17ರಂದು ಜಪಾನಿನ ಕರಾವಳಿಯಾಚೆ ಫಿಟ್ಜೆರಾಲ್ಡ್ ಎಂಬ ಡೆಸ್ಟ್ರಾಯರ್ ಸರಕು ಹಡಗಿಗೆ ಡಿಕ್ಕಿಯಾಗಿ ಏಳು ಮಂದಿ, ಆಗಸ್ಟ್ 21ರಂದು ಬಂದರು ಭೇಟಿಗೆಂದು ಸಿಂಗಪುರದತ್ತ ಸಾಗುತ್ತಿದ್ದ ಜಾನ್ ಎಸ್. ಮೆಕೇನ್ ತೈಲ ಹಡಗಿಗೆ ಡಿಕ್ಕಿಯಾಗಿ ಹತ್ತು ಮಂದಿ ಸತ್ತರು. ಎರಡೂ ಜಪಾನಿನಲ್ಲಿ ನೆಲೆಗೊಂಡ ಹಡಗುಗಳು. ಅಲ್ಲಿನ ಹಡಗುಗಳಿಗೆ ತರಬೇತಿಗೆಂದೇ ಮೀಸಲಾದ ಅವಧಿ ಇರಲಿಲ್ಲ. ಕೆಲಸದ ಮೇಲೆ ಕೆಲಸ ಬೀಳುತ್ತಿದ್ದುದರಿಂದ ಬಿಡುವಾದಾಗ ಕಲಿಯಬೇಕಿತ್ತು. ಆ ವರ್ಷದ ಜೂನ್ ಹೊತ್ತಿಗೆ ಜಪಾನಿನಲ್ಲಿದ್ದ ಕ್ರೂಸರ್ ಮತ್ತು ಡೆಸ್ಟ್ರಾಯರ್ ಸಿಬ್ಬಂದಿಯ ಯುದ್ಧ ಪ್ರಮಾಣಪತ್ರಗಳಲ್ಲಿ ಶೇಕಡ 37ರಷ್ಟು ಅವಧಿ ಮೀರಿದ್ದವೆಂದು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ತಿಳಿಸಿತು. ಮೆಕೇನ್‌ನಲ್ಲಿ ಚುಕ್ಕಾಣಿಯ ನಿಯಂತ್ರಣ ಸ್ಪರ್ಶ ಪರದೆಯ ಮೂಲಕ ಒಂದು ಸ್ಥಾನದಿಂದ ಇನ್ನೊಂದಕ್ಕೆ ಹೋದದ್ದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಚುಕ್ಕಾಣಿಯೇ ಕೆಟ್ಟಿತೆಂದು ಅವರು ಭಾವಿಸಿದರು. ಅಂದು ಕಾವಲಿನಲ್ಲಿದ್ದ ಕೆಲವರು ಬೇರೆ ಹಡಗಿನಿಂದ ತಾತ್ಕಾಲಿಕವಾಗಿ ಬಂದವರು, ಆ ಉಪಕರಣದ ಮೇಲೆ ಸರಿಯಾಗಿ ತರಬೇತಿ ಪಡೆಯದವರು.

ಆನಂತರ ನೌಕಾಪಡೆ ಡೆಸ್ಟ್ರಾಯರ್‌ಗಳ ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ವೇಗ ನಿಯಂತ್ರಣದ ಸ್ಪರ್ಶ ಪರದೆಗಳನ್ನು ತೆಗೆದು, ಕೈಯಲ್ಲಿ ಹಿಡಿದು ನೂಕುವ ಹಳೆಯ ಬಗೆಯ ಹಿಡಿಕೆಗಳನ್ನು ಕೂರಿಸುವುದಾಗಿ 2019ರಲ್ಲಿ ಪ್ರಕಟಿಸಿತು. ಹಡಗುಗಳಲ್ಲಿ ಕೆಲಸ ಮಾಡುವವರೇ ಅದನ್ನು ಕೇಳಿದ್ದರು. ನಮಸ್ಕಾರ.